ಯಾರದ್ದೂ ಅಲ್ಲದ ಬೆನ್ನುಮೂಳೆ

ಎರಡು ಸಾವಿರದ ಇಸವಿಯ ಆಚೀಚಿನ ವರ್ಷಗಳವು. ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನಾನು ಬೆನ್ನುಮೂಳೆಯ ಮಾದರಿಯನ್ನು ಕಂಪ್ಯೂಟರಿನಲ್ಲಿ ಕಟ್ಟುವ ಸಂಶೋಧನೆಗೆ ಸೇರಿದ್ದೆ. ಬೆನ್ನಿನ ಕೆಳಗೆ, ಸೊಂಟದ ಮಟ್ಟದ ಎರಡು ಮೂಳೆ, ನಡುವಿನ ಮೆತ್ತನೆಯ ಡಿಸ್ಕು. ಅವನ್ನು ಸಾವಿರಾರು ಪುಟ್ಟ ತುಂಡುಗಳಾಗಿ ಬಿಡಿಸಿ, ಮೇಲೆ ಭಾರ ಹೇರಿ, ಒತ್ತಡ ಎಲ್ಲಿ ಏರುತ್ತದೆ ಎಂದು ಲೆಕ್ಕ ಹಾಕಿಸುವುದು ನನ್ನ ಕೆಲಸ.

ಬೇಸಿಗೆ ರಜೆಗೆ ಮೊಳಕಾಲ್ಮೂರಿನ ಅಕ್ಕನ ಮನೆಗೆ ಬಂದಾಗ ಅವಳು ಹಾಸಿಗೆ ಹಿಡಿದಿದ್ದಳು. ಮದುವೆಯಾದಾಗಿನಿಂದ ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂರುವ ಗುಂಡಿ ಮಗ್ಗದಲ್ಲಿ ರೇಷ್ಮೆ ಸೀರೆ ನೇಯ್ದವಳು. ಒಂದು ದಿನ ಮಗ್ಗದಿಂದ ಏಳಲು ಆಗಲಿಲ್ಲವಂತೆ. ಎಡಗಾಲು ಜೋಮು ಹಿಡಿದಿತ್ತು.

ಚಳ್ಳಕೆರೆಯ ಡಾಕ್ಟರು ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು, "ಡಿಸ್ಕು ಜರುಗಿ ನರ ಒತ್ತಿದೆ. ಸ್ವಲ್ಪ ದಿನ ಕಾಯಬಹುದು, ಆಪರೇಷನ್ನೂ ಮಾಡಿಸಬಹುದು. ಕಾಲಿನ ಬಲ ಹೋದರೆ ಮಾತ್ರ ತಡ ಮಾಡಬೇಡಿ" ಎಂದರು.

ಹೊರಗೆ ಬಂದೊಡನೆ ಭಾವ ಕೇಳಿದರು: "ನೀನು ಓದೋದು ಇದೇ ಅಲ್ವೇನಮ್ಮ? ನಿನ್ನ ಕಂಪ್ಯೂಟರ್ ಏನಂತೈತೆ?"

ನನಗೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂರಲಾಗಲಿಲ್ಲ. ಎಣ್ಣೆ ಗಿರಣಿಗಳ ಕಮಟು ತುಂಬಿದ ಬೀದಿಯಲ್ಲಿ, ಬಸ್ಸು ಬರುವವರೆಗೂ ಅತ್ತಿಂದಿತ್ತ ತಿರುಗಿದೆ.

ಕಾಲೇಜಿನಿಂದ ತಂದಿದ್ದ ಲ್ಯಾಪ್‌ಟಾಪನ್ನು ಮರುದಿನ ಬೆಳಿಗ್ಗೆ ಅಕ್ಕನ ಪಕ್ಕದಲ್ಲೇ ತೆರೆದೆ. ಪರದೆಯ ಮೇಲಿನ ಕೆಂಪು, ಹಸಿರು ಮೂಳೆಗಳನ್ನು ಅವಳು ಮಗ್ಗುಲಾಗಿಯೇ ನೋಡಿದಳು.

"ಇದು ನಂದಾ?"

"ಅಲ್ಲಕ್ಕ."

"ಮತ್ಯಾರ್ದು?"

"ಯಾರ್ದೂ ಅಲ್ಲ. ಲೆಕ್ಕಕ್ಕೆ ಅಂತ ಮಾಡಿದ್ದು."

ಹಾಗೆಂದ ಮೇಲೂ ಸುಮ್ಮನಿರಲಾಗಲಿಲ್ಲ. ನನ್ನ ಮಾದರಿ ನೆಟ್ಟಗೆ ನಿಂತ ಮನುಷ್ಯನದು. ಅದನ್ನು ಮಗ್ಗದ ಮೇಲೆ ಬಾಗಿದವಳಂತೆ ಬಗ್ಗಿಸಲು ಹೋದರೆ ಲೆಕ್ಕ ಅರ್ಧಕ್ಕೇ ನಿಲ್ಲುತ್ತಿತ್ತು. ಸಂಖ್ಯೆ ಬದಲಿಸುತ್ತಿದ್ದೆ, ಮತ್ತೆ ನಿಲ್ಲುತ್ತಿತ್ತು. ಭಾವ ಬಾಗಿಲಿಗೆ ಬಂದು ಇಣುಕಿ ಹೋಗುತ್ತಿದ್ದರು. ಕೊನೆಗೆ ಹೇಳಿದೆ: "ಇದು ಹೇಳಲ್ಲ ಭಾವ. ನಂಗೂ ಗೊತ್ತಿಲ್ಲ."

ಅಕ್ಕ ನಿಧಾನಕ್ಕೆ ಅಂದಳು: "ಬಿಡು. ಬಂದೋರೆಲ್ಲ ಒಂದೊಂದು ಹೇಳಿ ತಲೆ ತಿಂದವ್ರೆ. ನಾನು ಕಾಯ್ತೀನಿ."

ಆಮೇಲಿನ ದಿನಗಳಲ್ಲಿ ನನಗೆ ಉಳಿದದ್ದು ಒಂದೇ ಕೆಲಸ. ಬೆಳಗಾದೊಡನೆ, ಬಲ ಇದೆಯೇ ಎಂದು ನೋಡಲು ಅವಳ ಎಡಗಾಲಿನ ಹೆಬ್ಬೆರಳಿನ ಮೇಲೆ ಬೆರಳಿಟ್ಟು ಒತ್ತುವುದು, ಅವಳು ಅದನ್ನು ಮೇಲಕ್ಕೆತ್ತುವುದು. ಮಧ್ಯಾಹ್ನಕ್ಕೆ ಮತ್ತೆ ಅನುಮಾನ, ಮತ್ತೆ ಒತ್ತುತ್ತಿದ್ದೆ. "ಎಷ್ಟು ಸಲ ನೋಡ್ತೀಯೇ?" ಎಂದು ಅಕ್ಕ ರೇಗುತ್ತಿದ್ದಳು.

ಒಂದು ಬೆಳಿಗ್ಗೆ ಬೆರಳು ಏಳಲಿಲ್ಲ. ಅಕ್ಕ ನನ್ನ ಮುಖ ನೋಡಿದಳು. ನಾನು ಭಾವನನ್ನು ಕೂಗಿದೆ. ಆವತ್ತೇ ಜೀಪು ಮಾಡಿಕೊಂಡು ದಾವಣಗೆರೆಗೆ ಹೋದೆವು, ಆಪರೇಷನ್ ಆಯಿತು.

ನೋವು ಹೋಯಿತು, ಬಲ ಮುಕ್ಕಾಲು ಪಾಲು ಮರಳಿತು. ಬೇಡವೆಂದರೂ ಕೇಳದೆ ಅಕ್ಕ ಮತ್ತೆ ಮಗ್ಗಕ್ಕಿಳಿದಳು, ಅರ್ಧ ದಿನ ಮಾತ್ರ. ನಾನು ಕಾಲೇಜಿಗೆ ಮರಳಿ, ಕೂತು ಬಾಗುವ ಬೆನ್ನಿನ ಮಾದರಿಯನ್ನು ಮೊದಲಿನಿಂದ ಕಟ್ಟತೊಡಗಿದೆ. ಅದಕ್ಕೇ ವರ್ಷಗಳು ಹಿಡಿದವು. ಅದರ ಲೆಕ್ಕ ಎಲ್ಲೂ ನಿಲ್ಲದೆ ಓಡಿ ಮುಗಿದ ದಿನ ಗೆಳತಿಯರು ಸಿಹಿ ತರಿಸಿದರು. ನಾನು ಊರಿಗೆ ಫೋನು ಮಾಡಿ, ಅಕ್ಕ ಹೇಗೆ ನಡೆಯುತ್ತಿದ್ದಾಳೆಂದು ಕೇಳಿದೆ.

"ಎಡಗಾಲು ಒಸಿ ಎಳೀತೈತೆ, ಅಷ್ಟೇ" ಎಂದರು ಭಾವ.