ಆಡದವರನ್ನೂ ಬರೆದಿಟ್ಟ ಲೈಬ್ರರಿ ಅಕ್ಕೋರು

ಕಳೆದ ವಾರ ಕುಮಟಾ ಬಸ್ ಸ್ಟ್ಯಾಂಡಿನ ಹತ್ತಿರದ ಗೋಡೆಗೆ ಒಬ್ಬಾತ ಪೋಸ್ಟರ್ ಅಂಟಿಸುತ್ತಿದ್ದ. ಯಾವುದೋ ಊರಿನ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿಯದು. ಅವನ ಬಕೆಟ್ಟಿನಲ್ಲಿ ಮೈದಾ ಹಿಟ್ಟು ಕುದಿಸಿ ಮಾಡಿದ ಅಂಟು ಇತ್ತು. ಒಂದು ದಿನ ಹಳತಾಗಿರಬೇಕು, ಹುಳಿ ವಾಸನೆ. ಅದು ಮೂಗಿಗೆ ಬಡಿದದ್ದೇ ನಾನು ನಿಂತಲ್ಲೇ ನಿಂತೆ. ನಾನು ಹತ್ತಬೇಕಿದ್ದ ಬಸ್ಸು ಬಂತು, ಹೋಯಿತು.

ಹೊನ್ನಾವರದ ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ಮಧ್ಯಾಹ್ನದ ಹೊತ್ತು ಇದೇ ವಾಸನೆ ಇರುತ್ತಿತ್ತು. ಬೆನ್ನು ಹರಿದ ಪುಸ್ತಕಗಳನ್ನು ಮುಂದೆ ಹರವಿಕೊಂಡು, ಬೆರಳಿನಿಂದ ಅಂಟು ಸವರುತ್ತ ಒಬ್ಬರು ಕೂತಿರುತ್ತಿದ್ದರು. ಅವರನ್ನು ನಾವು ಲೈಬ್ರರಿ ಅಕ್ಕೋರು ಅನ್ನುತ್ತಿದ್ದೆವು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಕರೆಯುವುದೇ ಹಾಗೆ. ಅವರು ಪಾಠ ಮಾಡುವವರಲ್ಲ, ಲೈಬ್ರರಿಯಲ್ಲಿ ಸಹಾಯಕರು, ಅಷ್ಟೇ. ಆದರೂ ‘ಮೇಡಂ’ ಅನ್ನಲು ನಮಗೆ ಯಾರಿಗೂ ಬಾಯಿ ಬರಲಿಲ್ಲ. ದಿನಾ ಕುಮಟಾದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮನೆಮಾತು ಕೊಂಕಣಿ. ಸಣ್ಣ ದೇಹ, ದಪ್ಪ ಗಾಜಿನ ಕನ್ನಡಕ, ಕೈಯಲ್ಲಿ ಸದಾ ಒಂದು ಕಪ್ಪು ಕೊಡೆ. ಜೀವಮಾನದಲ್ಲಿ ಒಮ್ಮೆಯೂ ಚೆಂಡು ಹೊಡೆದವರಲ್ಲ. ಅಂಥವರು ನಮ್ಮ ಕಾಲೇಜಿನ ಹುಡುಗರ ವಾಲಿಬಾಲ್ ತಂಡದ ಚರಿತ್ರೆಯನ್ನು ಒಂದು ವರ್ಷವೂ ಬಿಡದೆ ಬರೆಯುತ್ತಿದ್ದರು.

ಪ್ರತಿ ವರ್ಷ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅದು ಬರುತ್ತಿತ್ತು. ನಾನು ಮೊದಲ ವರ್ಷ ತಂಡಕ್ಕೆ ಸೇರಿದಾಗ ಹಳೆಯ ಸಂಚಿಕೆಗಳನ್ನೆಲ್ಲ ತೆಗೆದು ಓದಿದ್ದೆ. ಅವರು ಬರೆಯತೊಡಗಿದ ಮೊದಲ ವರ್ಷ ತಂಡಕ್ಕೆ ನೆಟ್ ಇರಲಿಲ್ಲವಂತೆ, ಒಬ್ಬ ಆಟಗಾರನ ಮನೆಯಿಂದ ಹಳೆಯ ಮೀನಿನ ಬಲೆ ತಂದು ಎರಡು ಗಾಳಿಮರದ ಕಂಬಕ್ಕೆ ಕಟ್ಟಿದ್ದರಂತೆ. ಇನ್ನೊಂದು ವರ್ಷ ದಸರಾ ಕಳೆದರೂ ಮಳೆ ಬಿಡದೆ ಕೋರ್ಟು ಕೆರೆಯಾಗಿ, ಹುಡುಗರು ಸಮುದ್ರದ ದಂಡೆಯ ಮೇಲೆ ಅಭ್ಯಾಸ ಮಾಡಿದ್ದರು. ಮತ್ತೊಂದು ವರ್ಷ ಶಿರಸಿಗೆ ಹೋಗುವಾಗ ಬಸ್ಸು ಕೆಟ್ಟು, ತೆಂಗಿನಕಾಯಿ ಲಾರಿಯ ಮೇಲೆ ಕೂತು ಘಟ್ಟ ಹತ್ತಿ, ಆಟ ಶುರುವಾಗಲು ಹತ್ತು ನಿಮಿಷ ಇರುವಾಗ ಮುಟ್ಟಿದ್ದರು. ಕ್ಯಾಪ್ಟನ್ನಿಗೆ ಸೀತಾಳೆ ಸಿಡುಬು ಎದ್ದ ವರ್ಷ, ಹದಿನೈದು ಪಾಯಿಂಟಿನ ಆಟ ಹೋಗಿ ಇಪ್ಪತ್ತೈದರದ್ದು ಬಂದ ವರ್ಷ… ಗೆದ್ದ ವರ್ಷಕ್ಕೂ ಸೋತ ವರ್ಷಕ್ಕೂ ಒಂದೇ ಬಗೆಯ ಭಾಷೆ. ಎಲ್ಲೂ ‘ಅಮೋಘ’, ‘ವೀರೋಚಿತ’ ಎಂಬ ಮಾತಿಲ್ಲ. ಪ್ರತಿ ವರ್ಷದ ಕೊನೆಗೆ ಹನ್ನೆರಡೂ ಜನರ ಹೆಸರು, ಊರು. ಇಡೀ ವರ್ಷ ಬೆಂಚಿನ ಮೇಲೆ ಕೂತಿದ್ದವನ ಹೆಸರೂ ಅಷ್ಟೇ ದೊಡ್ಡ ಅಕ್ಷರದಲ್ಲಿ.

“ಇದೆಲ್ಲ ನೀವ್ ಯಾಕೆ ಬರೀತ್ರಿ ಅಕ್ಕೋರೆ?” ಎಂದು ಒಮ್ಮೆ ಕೇಳಿದ್ದೆ.

ಅವರು ಕೆಲಸಕ್ಕೆ ಸೇರಿದ ವರ್ಷ ಸಂಚಿಕೆಯಲ್ಲಿ ತಂಡದ ಒಬ್ಬನ ಹೆಸರು ಬಿಟ್ಟುಹೋಗಿತ್ತಂತೆ. ಆತ ಬದಲಿ ಆಟಗಾರ. ಲೈಬ್ರರಿಗೆ ಬಂದು, ಪುಟ ತೆಗೆದು, ಬೆರಳಿಟ್ಟು ಹೆಸರು ಹುಡುಕಿ, ಮತ್ತೊಮ್ಮೆ ಮೇಲಿನಿಂದ ಹುಡುಕಿ, ಪುಸ್ತಕ ಮುಚ್ಚಿಟ್ಟು ಹೋದನಂತೆ. “ಒಂದು ಮಾತೂ ಆಡ್ಲಿಲ್ಲ ತಮ್ಮಾ. ಜಗಳ ಮಾಡಿದ್ರೂ ಅಡ್ಡಿ ಇರ್ಲಿಲ್ಲ” ಎಂದರು. ಮರುವರ್ಷದಿಂದ ಅವರೇ ಬರೆಯತೊಡಗಿದರು. ಸಂಜೆ ಲೈಬ್ರರಿ ಮುಚ್ಚಿ, ಕುಮಟಾ ಬಸ್ಸು ಬರುವ ತನಕ ಅಂಗಳದ ಮೋರಿಕಟ್ಟೆಯ ಮೇಲೆ ಕೊಡೆ ಬಿಚ್ಚಿ ಕೂತು ನಮ್ಮ ಅಭ್ಯಾಸ ನೋಡುವರು. ರಜೆ ಹಾಕಿಯಾದರೂ ಪಂದ್ಯಕ್ಕೆ ಬರುವರು. ನಾವು ಹುಡುಗರು ಹಿಂದಿನಿಂದ ನಗುತ್ತಿದ್ದೆವು ಎಂಬುದನ್ನೂ ಇಲ್ಲಿ ಹೇಳಬೇಕು.

ನನ್ನ ಮೂರನೇ ವರ್ಷ ನಾನು ಕ್ಯಾಪ್ಟನ್. ಲಿಫ್ಟರ್ ಆಗಿದ್ದೆ, ಎಂದರೆ ಹೊಡೆಯುವವನಿಗೆ ಚೆಂಡು ಎತ್ತಿ ಕೊಡುವುದು ನನ್ನ ಕೆಲಸ. ಹೊಡೆಯುವವ ಕತಗಾಲದ ಸುಬ್ರಾಯ. ನೆಲ ಬಿಟ್ಟು ಅವನು ಮೇಲೆದ್ದರೆ ಎದುರಿನವರು ಕೈ ಎತ್ತುವುದನ್ನೇ ಮರೆಯುತ್ತಿದ್ದರು. ಆದರೆ ಆ ವರ್ಷ ಅವನು ಪರೀಕ್ಷೆಯಲ್ಲಿ ಫೇಲಾಗಿ ಕಾಲೇಜಿನ ವಿದ್ಯಾರ್ಥಿಯೇ ಆಗಿರಲಿಲ್ಲ, ಆಡುವ ಹಾಗಿರಲಿಲ್ಲ. ತಂಡದಲ್ಲಿ ಬೆಳಕೆಯ ಮಾದೇವ ಎಂಬವನಿದ್ದ. ಎರಡು ವರ್ಷದಿಂದ ಬೆಂಚಿನ ಮೇಲೆಯೇ ಕೂತವ, ಮಾತು ಕಡಿಮೆ. ನಾವೇ ಮಾತಾಡಿಕೊಂಡೆವು: ಸುಬ್ರಾಯ ಮಾದೇವನ ಹೆಸರಿನಲ್ಲಿ ಆಡುವುದು. ಮಾದೇವನ ಕಾರ್ಡು, ಮಾದೇವನ ಒಂಬತ್ತನೇ ನಂಬರಿನ ಬನಿಯನ್ನು. “ನಿಂಗೆ ಅಡ್ಡಿ ಇಲ್ಲ ಅಲ್ದನಾ?” ಎಂದು ನಾನೇ ಮಾದೇವನನ್ನು ಕೇಳಿದ್ದೆ. ಅವನು ಹೂಂ ಅಂದಿದ್ದ. ಬೇರೆ ಏನು ಅನ್ನುತ್ತಾನೆ? ಕ್ಯಾಪ್ಟನ್ ಕೇಳಿದ ಮೇಲೆ… ನಮ್ಮ ಪಿ.ಡಿ. ಸರ್, ಎಂದರೆ ಆಟದ ಮಾಸ್ತರರಿಗೆ ಇದು ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಅಂತರ ಕಾಲೇಜು ಪಂದ್ಯಾವಳಿ ಆ ಸಲ ಕುಮಟಾದಲ್ಲಿ ನಡೆಯಿತು. ಮೊದಲ ದಿನದ ಎರಡು ಪಂದ್ಯವನ್ನು ಸುಲಭವಾಗಿ ಗೆದ್ದೆವು. ಮಾದೇವ ಅಂಗಳದ ಹೊರಗೆ, ಜನರ ನಡುವೆ ನಿಂತು ನೋಡುತ್ತಿದ್ದ. ಎರಡನೇ ದಿನ ಬೆಳಿಗ್ಗೆ ಸೆಮಿಫೈನಲ್. ಮೊದಲ ದಿನ ರಜೆ ಸಿಗದ ಅಕ್ಕೋರು ಅಂದು ಬಂದರು. ಸುಬ್ರಾಯ ಹೊಡೆದ, ನಾವು ಗೆದ್ದೆವು. ವಾಡಿಕೆಯಂತೆ ಅಕ್ಕೋರು ಸ್ಕೋರ್ ಬರೆಯುವವರ ಮೇಜಿನ ಹತ್ತಿರ ಹೋಗಿ ಹಾಳೆ ಕೇಳಿ ತಮ್ಮ ನೋಟುಪುಸ್ತಕದಲ್ಲಿ ಹೆಸರು ಬರೆದುಕೊಳ್ಳತೊಡಗಿದರು. ಅವರ ಪೆನ್ನು ನಡುವೆ ನಿಂತದ್ದನ್ನು ನಾನು ದೂರದಿಂದ ಕಂಡೆ. ತಲೆ ಎತ್ತಿ ಸುಬ್ರಾಯನನ್ನು ನೋಡಿದರು. ಜನರ ಮಧ್ಯೆ ಇದ್ದ ಮಾದೇವನನ್ನು ಹುಡುಕಿ ನೋಡಿದರು. ಪೆನ್ನಿನ ಮುಚ್ಚಳ ಹಾಕಿದರು.

ಮೇಜಿನವರಿಗೆ ಏನಾದರೂ ಹೇಳಿಬಿಡುತ್ತಾರೆ ಎಂದುಕೊಂಡೆ. ಹೇಳಲಿಲ್ಲ. ನೇರ ನನ್ನ ಹತ್ತಿರ ಬಂದು, ಬೇರೆಯವರಿಗೆ ಕೇಳದ ಹಾಗೆ ಕೇಳಿದರು: “ತಮ್ಮಾ, ಒಂಬತ್ತು ನಂಬರ್ ಹಾಕಿ ಆಡಿದವ ಯಾರು?”

ನಾನು ಕಾಲಿನ ಮಣ್ಣು ಕೊಡವತೊಡಗಿದೆ.

“ನಾ ಎಂತ ಬರೀಲಿ, ಹೇಳು. ನೀ ಕ್ಯಾಪ್ಟನ್. ನೀ ಹೇಳಿದ್ದೇ ಬರೀತೆ.”

ಬೈದಿದ್ದರೆ ತಪ್ಪಿಸಿಕೊಳ್ಳಬಹುದಿತ್ತು. ದೂರು ಕೊಡುತ್ತೇನೆ ಎಂದಿದ್ದರೆ ಕಾಲು ಹಿಡಿಯಬಹುದಿತ್ತು. ಅವರು ನನ್ನ ಮಾತಿಗಾಗಿ ಕಾಯುತ್ತ ನಿಂತಿದ್ದರು. ಇಪ್ಪತ್ತರ ಪ್ರಾಯದ ನನ್ನನ್ನು ಅಷ್ಟು ನಂಬಿ ಅಲ್ಲಿಯತನಕ ಯಾರೂ ಏನನ್ನೂ ಕೇಳಿರಲಿಲ್ಲ. “ಸುಬ್ರಾಯ” ಎಂದೆ. ಅವರು ತಲೆಯಾಡಿಸಿ, ಅಲ್ಲೇ ನಿಂತು, ನನ್ನ ಕಣ್ಣೆದುರೇ ಅದನ್ನು ಬರೆದರು.

“ಫೈನಲ್ ಎಷ್ಟು ಗಂಟೆಗೆ?” ಎಂದರು ಆಮೇಲೆ.

“ಮೂರಕ್ಕೆ.”

“ಆತು. ಊಟ ಮಾಡ್ಕೊಂಡು ಬತ್ತೆ.” ಕೊಡೆ ಬಿಚ್ಚಿಕೊಂಡು ಮನೆಯ ಕಡೆ ನಡೆದರು. ಹಿಂತಿರುಗಿ ಕೂಡ ನೋಡಲಿಲ್ಲ.

ಮಾವಿನ ಮರದ ಅಡಿ ತಂಡ ಅವಲಕ್ಕಿ ತಿನ್ನುತ್ತ ಕೂತಿತ್ತು. ನಾನು ಹೋಗಿ, ಫೈನಲ್ಲಿಗೆ ಸುಬ್ರಾಯ ಬೇಡ ಎಂದು ಹೇಳಿದೆ. ಸುಬ್ರಾಯ ಎದ್ದು ನಿಂತ. “ಎಂತದಾ ಇದು? ಕಪ್ ಕೈಲಿ ಬಂದದೆ. ಆ ಅಕ್ಕೋರ ಪುಸ್ತಕಕ್ಕೆ ಹೆದ್ರಿ ಬಿಟ್ಕೊಡೂದಾ?”

“ಅವರು ಯಾರಿಗೂ ಹೇಳೂದಿಲ್ಲ” ಎಂದೆ.

“ಮತ್ತೆಂತ ಹೆದ್ರಿಕೆ ನಿಂಗೆ?”

ಆಗ ಮಾದೇವ ಮಾತಾಡಿದ. ಎರಡು ವರ್ಷದಲ್ಲಿ ತಂಡದ ಎದುರು ಅವನು ಬಾಯಿ ಬಿಟ್ಟದ್ದು ಅದೇ ಮೊದಲು ಅನ್ನಿಸುತ್ತದೆ. “ಆ ಹೆಸ್ರು ನಂದಲ್ದನಾ? ನಾನೇ ಆಡ್ತೆ” ಎಂದ. ಸುಬ್ರಾಯ ಬನಿಯನ್ನು ತೆಗೆದು ಮಾದೇವನ ಮಡಿಲಿಗೆ ಎಸೆದು ಹೊರಟುಹೋದ.

ಫೈನಲ್ ಸೋತೆವು. ಮೂರು ಸೆಟ್ಟಿಗೆ ಒಂದು. ಮೊದಮೊದಲು ಮಾದೇವ ಎರಡು ಸರ್ವಿಸು ನೆಟ್ಟಿಗೆ ಹೊಡೆದ. ಜನ ನಕ್ಕರು. ನಾನು ಮತ್ತೆ ಮತ್ತೆ ಅವನಿಗೇ ಚೆಂಡು ಎತ್ತಿದೆ. ಮೂರನೇ ಸೆಟ್ಟನ್ನು ನಾವು ಗೆದ್ದದ್ದು ಅವನಿಂದ. ಆ ಸೆಟ್ಟಿನ ಕೊನೆಯ ಹೊಡೆತ ಎದುರಿನವರ ಎರಡು ಕೈಗಳ ನಡುವಿನಿಂದ ಹೋಗಿ ಮಣ್ಣು ಎಬ್ಬಿಸಿದಾಗ ಅವನು ತನ್ನ ಅಂಗೈಯನ್ನೇ ತಿರುಗಿಸಿ ನೋಡಿಕೊಂಡ. ಅಕ್ಕೋರು ಚಪ್ಪಾಳೆ ತಟ್ಟಲಿಲ್ಲ. ಅವರು ಎಂದೂ ತಟ್ಟಿದವರಲ್ಲ, ಬರೆಯುತ್ತಿದ್ದರು.

ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ಸಂಚಿಕೆಗೆ ಅಕ್ಕೋರು ಆ ವರ್ಷದ ಚರಿತ್ರೆ ಬರೆದುಕೊಟ್ಟಾಗ ಅದರಲ್ಲಿ ಒಂದು ಸಾಲಿತ್ತು: ಮೊದಲ ಮೂರು ಪಂದ್ಯಗಳಲ್ಲಿ ಮಾದೇವನ ಹೆಸರಿನಲ್ಲಿ ಆಡಿದವನು ಸುಬ್ರಾಯ, ಆ ಗೆಲುವುಗಳು ನಮ್ಮವಲ್ಲ. ಸಂಚಿಕೆ ನೋಡಿಕೊಳ್ಳುತ್ತಿದ್ದ ಉಪನ್ಯಾಸಕರು ಗಾಬರಿಯಾದರು. ಅದೊಂದು ಸಾಲು ತೆಗೆದುಬಿಡಿ, ಉಳಿದದ್ದೆಲ್ಲ ಚೆನ್ನಾಗಿದೆ ಎಂದರಂತೆ. ಪುಸ್ತಕ ವಾಪಸು ಕೊಡಲು ಹೋದ ನಾನು ಲೈಬ್ರರಿಯ ಬಾಗಿಲಲ್ಲಿ ನಿಂತು ಅಕ್ಕೋರ ಉತ್ತರವನ್ನು ಕೇಳಿಸಿಕೊಂಡೆ.

“ಈ ಸಾಲು ತೆಗ್ದ್ರೆ ಹಿಂದಿನ ವರ್ಷದ್ದೆಲ್ಲ ಸುಳ್ಳಾಗ್ತದೆ ಸರ್. ಓದೂವವ್ರು ಯಾವ್ದನ್ನ ನಂಬೂದು? ಬೇಕಾದ್ರೆ ಇಡೀದೇ ಬಿಟ್ಬಿಡಿ.”

ಇಡಿಯದನ್ನೇ ಬಿಟ್ಟರು. ಅಷ್ಟು ವರ್ಷಗಳಲ್ಲಿ ಮೊದಲ ಸಲ ನಮ್ಮ ತಂಡದ ಚರಿತ್ರೆ ಇಲ್ಲದೆ ಸಂಚಿಕೆ ಅಚ್ಚಿಗೆ ಹೋಗಲು ಸಿದ್ಧವಾಯಿತು. ಅಕ್ಕೋರು ನನ್ನನ್ನು ಕರೆದು ಏನೂ ಹೇಳಲಿಲ್ಲ. ಎಂದಿನಂತೆ ಹರಿದ ಪುಸ್ತಕಗಳಿಗೆ ಅಂಟು ಹಚ್ಚುತ್ತಿದ್ದರು. ನಾಲ್ಕು ದಿನ ಲೈಬ್ರರಿಯ ಬಾಗಿಲ ತನಕ ಹೋಗಿ ವಾಪಸು ಬಂದೆ. ಐದನೇ ದಿನ ಪ್ರಿನ್ಸಿಪಾಲರಿಗೆ ಒಂದು ಕಾಗದ ಬರೆದೆ. ತಪ್ಪು ತಂಡದ್ದು, ಕ್ಯಾಪ್ಟನ್ ನಾನು, ಅಕ್ಕೋರು ಬರೆದದ್ದೆಲ್ಲ ನಿಜ, ಅದನ್ನು ಹಾಗೇ ಅಚ್ಚು ಮಾಡಿ ಎಂದು. ಅದನ್ನು ಹಿಡಿದು ಕತಗಾಲಕ್ಕೆ ಹೋದೆ. ಸುಬ್ರಾಯ ಎರಡು ಸಲ ಓದಿ, “ಪೆನ್ನು ತಂದಿದ್ಯನಾ?” ಎಂದ. ನನ್ನ ಹೆಸರಿನ ಕೆಳಗೆ ಸಹಿ ಹಾಕಿದ.

ಪ್ರಿನ್ಸಿಪಾಲರು ಕಾಗದ ಓದಿ ಕನ್ನಡಕ ತೆಗೆದಿಟ್ಟರು. ಬೈಯಲಿಲ್ಲ. ಆದರೆ ವಿಷಯವನ್ನು ಅವರೇ ವಿಶ್ವವಿದ್ಯಾಲಯಕ್ಕೆ ಬರೆದು ತಿಳಿಸಿದರು. ಮುಂದಿನ ಒಂದು ವರ್ಷ ನಮ್ಮ ಕಾಲೇಜು ವಾಲಿಬಾಲ್ ಆಡುವಂತಿಲ್ಲ ಎಂದು ಆದೇಶ ಬಂತು. ಊರಿನಲ್ಲಿ ಎಲ್ಲರೂ ನಮ್ಮನ್ನು ಬಿಟ್ಟು ಅಕ್ಕೋರನ್ನು ಬೈದರು. ಪಿ.ಡಿ. ಸರ್, ಅಕ್ಕೋರು ಎದುರು ಬಂದರೆ ಮುಖ ತಿರುಗಿಸುತ್ತಿದ್ದರು. ಬಸ್ಸಿನಲ್ಲಿ ಹಳೆಯ ಆಟಗಾರನೊಬ್ಬ, “ನಮ್ಮ ತಂಡ ಮುಳುಗಿಸಿದ ಪುಣ್ಯಾತ್ಗಿತ್ತಿ” ಎಂದು ಅಕ್ಕೋರಿಗೆ ಕೇಳುವಂತೆಯೇ ಹೇಳಿದ್ದನಂತೆ. ಸಂಚಿಕೆಯಲ್ಲಿ ಮಾತ್ರ ಆ ವರ್ಷದ ಚರಿತ್ರೆ ಒಂದಕ್ಷರ ಬಿಡದೆ ಬಂತು.

ಡಿಗ್ರಿ ಮುಗಿಸಿ ನಾನು ಕುಮಟಾದಲ್ಲಿ ಕೆಲಸಕ್ಕೆ ಸೇರಿದ್ದೆ. ಆಡುವಂತಿಲ್ಲದ ಆ ವರ್ಷ, ಡಿಸೆಂಬರ್ ತಿಂಗಳಿರಬೇಕು, ಹೊನ್ನಾವರಕ್ಕೆ ಹೋದವನು ಸಂಜೆ ಕಾಲೇಜಿನ ಕಡೆ ನಡೆದೆ. ಅಂಗಳದಲ್ಲಿ ಏಳು ಹುಡುಗರು ಅಭ್ಯಾಸ ಮಾಡುತ್ತಿದ್ದರು. ಮೋರಿಕಟ್ಟೆಯ ಮೇಲೆ ಅಕ್ಕೋರು. ನನಗೆ ನಾಚಿಕೆಯೂ ಆಶ್ಚರ್ಯವೂ ಒಟ್ಟಿಗೇ ಆಯಿತು.

“ಈ ವರ್ಷ ಬರೆಯೂಕೆ ಎಂತದೂ ಇಲ್ವಲ್ಲ ಅಕ್ಕೋರೆ?”

ಅವರು ನೋಟುಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ಮೇಲೆ ‘ಈ ವರ್ಷ ಪಂದ್ಯ ಇಲ್ಲ’ ಎಂದಿತ್ತು. ಕೆಳಗೆ ದಿನದಿನದ್ದೂ ಬರೆದಿದ್ದರು: ಇಂದು ಐವರು ಬಂದರು, ಇಂತಿಂಥವರು. ಇಂದು ಇಬ್ಬರೇ ಬಂದರು, ಗೋಡೆಗೆ ಚೆಂಡು ಹೊಡೆದು ಹೋದರು. ಇಂದು ಯಾರೂ ಬರಲಿಲ್ಲ. ಇಂದು ಏಳು ಜನ. ಜೂನ್‌ನಿಂದ ಡಿಸೆಂಬರ್‌ವರೆಗೆ ಪುಟದ ಮೇಲೆ ಪುಟ.

“ಆಡೂಕೆ ಸಿಗೂದಿಲ್ಲ ಅಂತ ಗೊತ್ತಿದ್ದೂ ಬರ್ತ್ರಲ್ಲ” ಎಂದರು ಅಂಗಳ ನೋಡುತ್ತ. “ಇವ್ರನ್ನ ಬರೀದೆ ಇನ್ಯಾರನ್ನ ಬರೀಲಿ ತಮ್ಮಾ?”

ದೇವಸ್ಥಾನದಲ್ಲಿ ನಿಂತಾಗಲೂ ನನಗೆ ಹಾಗೆ ಮೈ ಜುಮ್ಮೆಂದದ್ದಿಲ್ಲ. ಆ ಹುಡುಗರು ಮರುವರ್ಷ ಮೊದಲ ಸುತ್ತಿನಲ್ಲೇ ಸೋತರು. ಅದರ ಮುಂದಿನ ವರ್ಷ ಗೆದ್ದು ಧಾರವಾಡಕ್ಕೆ ಹೋದರು. ಎರಡೂ ವರ್ಷದ ಚರಿತ್ರೆ ಸಂಚಿಕೆಯಲ್ಲಿ ಹೆಚ್ಚುಕಡಿಮೆ ಒಂದೇ ಉದ್ದ ಇದೆ.

ನಿವೃತ್ತಿಯಾದ ಮೇಲೂ ಕೆಲವು ವರ್ಷ ಅವರು ಹೊನ್ನಾವರಕ್ಕೆ ಹೋಗಿ ಬರುತ್ತಿದ್ದರು. ಮೊಣಕಾಲು ಸೋತ ಮೇಲೆ ಹುಡುಗರೇ ಮನೆಗೆ ಬಂದು ಆಟ ಹೇಳಿ ಬರೆಸುತ್ತಿದ್ದರಂತೆ. ಅದೇ ಊರಿನಲ್ಲಿದ್ದ ನಾನು ಎಷ್ಟು ಸಲ ಹೋದೆ? ಬೆರಳಲ್ಲಿ ಎಣಿಸಬಹುದು. ನಾಳೆ ಹೋದರಾಯಿತು ಎಂದುಕೊಂಡೇ… ಈ ಮಳೆಗಾಲದ ಕೊನೆಗೆ ಅವರು ತೀರಿಕೊಂಡರು.

ಹನ್ನೊಂದನೇ ದಿನ ಅವರ ಮನೆಯ ಜಗುಲಿಯಲ್ಲಿ ನಾವು ಮೂವತ್ತಕ್ಕೂ ಹೆಚ್ಚು ಜನ ಸೇರಿದ್ದೆವು. ಅಕ್ಕೋರು ಬರೆದ ಮೊದಲ ವರ್ಷದಲ್ಲಿ ಆಡಿದವರ ತಲೆ ಪೂರ್ತಿ ಬೆಳ್ಳಗಾಗಿದೆ. ಈ ವರ್ಷದ ತಂಡದ ಹುಡುಗರಿಗೆ ಮೀಸೆ ಈಗಷ್ಟೇ ಬರುತ್ತಿದೆ. ಸುಬ್ರಾಯ ಬಂದಿದ್ದ. ಬೆಳಕೆಯಿಂದ ಮಾದೇವ ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದ. ಊಟವಾದ ಮೇಲೆ ಹಳೆಯ ಆಟಗಳ ಮಾತು ಬಂತು. ಅಂಕೋಲೆಯಲ್ಲಿ ಮಳೆ ಬಂದು ಆಟ ನಿಂತದ್ದು ಮೂರನೇ ಸೆಟ್ಟಿನಲ್ಲೋ ನಾಲ್ಕನೆಯದರಲ್ಲೋ ಎಂದು ಇಬ್ಬರು ಹಿರಿಯರಿಗೆ ವಾದ ಹತ್ತಿತು. ಇವರು ಮೂರು ಎಂದರು, ಅವರು ನಾಲ್ಕೇ ಎಂದು ಹಟ ಹಿಡಿದರು. ದನಿ ಏರಿತು.

“ಮಾರಾಯಾ, ಜಗಳ ಯಾಕೆ? ಅಕ್ಕೋರನ್ನೇ ಕೇಳ್ವಾ” ಎಂದು ಒಬ್ಬರು ಎದ್ದೇಬಿಟ್ಟರು. ಒಳಬಾಗಿಲ ಕಡೆ ಎರಡು ಹೆಜ್ಜೆ ಇಟ್ಟವರು ಅಲ್ಲೇ ನಿಂತರು.