ಒಲೆಯ ಮುಂದಿನ ಸಕ್ರವ್ವ
ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಅಮೆರಿಕದ ಹೆಂಗಸರಿಗಿಂತ ಜಪಾನಿನವರಿಗೆ ಮೈ ಧಗೆ ಕಡಿಮೆ ಎಂದು ಓದಿದ್ದೆ. ಆದರೆ ಘೋಣಸಗಿಯ ಸಕ್ರವ್ವನಿಗೆ ಏನೂ ಆಗಲಿಲ್ಲವೇಕೆ? ಜೋಳದ ಊಟವೇ, ದುಡಿಮೆಯೇ? ಒಬ್ಬಳನ್ನು ನೋಡಿ ಸಿದ್ಧಾಂತ ಕಟ್ಟಬಾರದೆಂದು ತಿಳಿದಿದ್ದರೂ ಕಾರಣ ಹುಡುಕುತ್ತಲೇ ಇದ್ದೆ. ಅಥಣಿ ರಸ್ತೆಯ ನಮ್ಮ ಬಡಾವಣೆಯಲ್ಲಿ ರೊಟ್ಟಿ ಮಾಡಿ ಮಾರುತ್ತಿದ್ದ ಆಕೆ ಒಲೆಯ ಮುಂದಿನ ಜಾಗವನ್ನು ಯಾರಿಗೂ ಬಿಟ್ಟುಕೊಟ್ಟವಳಲ್ಲ. ಆಕೆ ರೊಟ್ಟಿ ಬಡಿಯುವ ಸದ್ದಿಗೆ ತಿಕೋಟಾ ಬಸ್ಸಿನಲ್ಲಿ ಕುಳಿತವರಿಗೂ ಹಸಿವಾಗುತ್ತಿತ್ತು. ಈ ಉತ್ಪ್ರೇಕ್ಷೆ ನನ್ನದಲ್ಲ, ಕಂಡಕ್ಟರನದು. ಜೊತೆಗೆ ದುಡಿಯುತ್ತಿದ್ದ ಸಾರವಾಡದ ಮಹಾನಂದಾ ಐವತ್ತರ ಹತ್ತಿರ ಬಂದು, ಇದ್ದಕ್ಕಿದ್ದಂತೆ ಮುಖ ಕೆಂಪೇರಿ ಬೆವರತೊಡಗಿದಾಗ ಸಕ್ರವ್ವ ಗದರುತ್ತಿದ್ದಳು: “ಏಳ ಬೇ, ಬಾಗಲದಾಗ ಗಾಳಿಗೆ ಕುಂತು ಹಿಟ್ಟ ನಾದು. ನೀ ಬೇಯಿಸಿದ್ರ ರೊಟ್ಟಿ ಅಳತಾವ.” “ನಿನಗ ಮೈ ಉರಿಯಂಗಿಲ್ಲೇನ ಯಕ್ಕಾ?” ಎಂದು ಮಹಾನಂದಾ ಕೇಳಿದರೆ, “ಉರಿಯಾಕ ನಾ ಏನ ಕಟಗಿ ಏನಲೇ?” ಎಂದು ನಕ್ಕು, ಸೆರಗಿನಿಂದ ಹಣೆ ಒರೆಸಿಕೊಂಡು ಮತ್ತೊಂದು ರೊಟ್ಟಿಯನ್ನು ಹಂಚಿಗೆ ಹಾಕುತ್ತಿದ್ದಳು. ಆಕೆ ತೀರಿಕೊಂಡ ಮೇಲೆ, ಮಾತಿನ ನಡುವೆ, ಮಗಳು ಸುಧಾರಾಣಿ ಹೇಳಿದಳು: “ಅದ ವರ್ಷ ಅವ್ವಗೂ ಮೈ ಭಾಳ ಉರೀತಿತ್ತರಿ. ಒಲಿ ಮುಂದ ಕುಂತ್ರ ಬೆವರು ಯಾರಿಗೂ ಗೊತ್ತಾಗಂಗಿಲ್ಲ ಅಂತಿದ್ಲು. ತಾ ಎದ್ದಿದ್ರ ಅಲ್ಲಿ ಮಹಾನಂದಾ ಚಿಗವ್ವ ಕೂಡಬೇಕಾಗಿತ್ತಲ್ರಿ.”