ಐದು ಸಾವಿರದ ಬ್ಯಾಟರಿ

ನಮ್ಮ ಯಜಮಾನರು ತೀರಿಕೊಂಡ ಮೇಲೆ ಅವರ ಆಫೀಸಿನ ಗೆಳೆಯ ನನ್ನಲ್ಲಿ ಕೇಳಿದ್ದು ಒಂದೇ. ಅವರ ಕಾರನ್ನು ಭಾನುವಾರ ಒಂದು ಸುತ್ತು ಓಡಿಸಬೇಕು. ರಿಮೋಟಿನಲ್ಲಿ ಓಡುವ, ಮೊಳದುದ್ದದ ರೇಸ್ ಕಾರು. ಆಟದ ಕಾರು ಎಂದರೆ ಇವರಿಗೆ ಸಿಟ್ಟು ಬರುತ್ತಿತ್ತು. ಚೆನ್ನೈನ ವಡಪಳನಿಯಲ್ಲಿ ನಮ್ಮ ಮನೆಯ ಹಿಂದಿನ ಸಿಮೆಂಟು ಅಂಗಳದಲ್ಲಿ ಗೆಳೆಯರೆಲ್ಲ ಸೇರಿ ರೇಸ್ ನಡೆಸುತ್ತಿದ್ದರು.

ಅದು ಓಡುವುದನ್ನು ಇನ್ನೊಮ್ಮೆ ನೋಡಬೇಕೆಂದು ನನಗೂ ಇತ್ತು. ಆದರೆ ಹಳೆಯ ಬ್ಯಾಟರಿ ಊದಿಕೊಂಡು ಕೆಟ್ಟಿತ್ತು. ಹೊಸದನ್ನು ನಾನೇ ತರುತ್ತೇನೆ ಎಂದು ಹಟ ಮಾಡಿದೆ.

ಅಂಗಡಿಯವನು "ಎಷ್ಟು ಸಿ ಬೇಕು?" ಎಂದು ತಮಿಳಿನಲ್ಲಿ ಕೇಳಿದ. ಈ ಸಿ ಪುರಾಣ ನಾನು ಊಟದ ಹೊತ್ತಿನಲ್ಲಿ ಎಷ್ಟೋ ಸಲ ಕೇಳಿದ್ದೆ. "ಬ್ಯಾಟರಿ ತನ್ನ ಸಾಮರ್ಥ್ಯದ ಎಷ್ಟು ಪಟ್ಟು ಕರೆಂಟನ್ನ ಒಂದೇ ಸಲಕ್ಕೆ ಕೊಡಬಲ್ಲದು ಅನ್ನೋದು ಕಣೇ, ಅಷ್ಟೇ" ಎಂದು ಇವರು ಸಾರು ಕಲಸಿಕೊಳ್ಳುತ್ತಿದ್ದರು. ಅಷ್ಟೇ ಅಂತೆ! ಕೇಳಿದವರಿಗೆ ಏನು ತಿಳಿಯಬೇಕು?

ನೀರಿಗೆ ಪರದಾಡುವ ಈ ಊರಿನಲ್ಲಿ ಡ್ರಮ್ಮಾಗಲಿ, ಟ್ಯಾಂಕಾಗಲಿ, ದೊಡ್ಡದನ್ನೇ ಆರಿಸಿ ಬದುಕಿದವಳು ನಾನು. ಐದು ಸಾವಿರ ಮಿಲಿ ಆಂಪಿಯರ್ ಅವರ್ ಎಂದು ಬರೆದಿದ್ದ ದೊಡ್ಡ ಬ್ಯಾಟರಿಯನ್ನೇ ತಂದೆ.

ಭಾನುವಾರ ಗೆಳೆಯ ರಿಮೋಟು ಹಿಡಿದ, ಕಾರು ಹೊರಟಿತು. ವೇಗ ಹೆಚ್ಚಿಸಿದ ಕೂಡಲೇ ನಿಂತಿತು. ಮತ್ತೆ ಹೊರಟಿತು, ಮತ್ತೆ ನಿಂತಿತು. ಬ್ಯಾಟರಿ ಮುಟ್ಟಲಾಗದಷ್ಟು ಬಿಸಿ.

"ಅಯ್ಯೋ ಅತ್ತಿಗೆ, ಇದು ಬರೀ ಹತ್ತು ಸಿ!" ಎಂದ ಗೆಳೆಯ. "ಐದು ಸಾವಿರ ಮಿಲಿ ಅಂದ್ರೆ ಐದು ಆಂಪಿಯರು, ಅದರ ಹತ್ತು ಪಟ್ಟು ಅಂದ್ರೆ ಐವತ್ತು. ನಮ್ಮ ಮೋಟಾರು ಎಪ್ಪತ್ತು ಎಳೆಯತ್ತೆ."

"ದೊಡ್ಡದಲ್ವೇನಪ್ಪಾ ಇದು?"

"ದೊಡ್ಡದೇ. ನಿಧಾನಕ್ಕೆ ಹೋದ್ರೆ ತುಂಬ ಹೊತ್ತು ಓಡತ್ತೆ. ಅಣ್ಣ ಯಾವತ್ತು ನಿಧಾನಕ್ಕೆ ಓಡಿಸಿದ್ರು?"

ಮುಂದಿನ ಭಾನುವಾರ ನೋಡೋಣ ಎಂದಾಯಿತು.

ಮಂಗಳವಾರ ಬೀದಿಗೆ ನೀರಿನ ಲಾರಿ ಬಂತು. ಸಾಲಿನ ಮುಂದಿದ್ದ ನಮ್ಮ ಅತ್ತೆ ಲಾರಿಯವನ ಮೇಲೆ ರೇಗುತ್ತಿದ್ದರು. "ಇಷ್ಟು ದೊಡ್ಡ ಲಾರಿ ತಂದು ಇಷ್ಟು ಸಣ್ಣ ಪೈಪ್ ಹಾಕಿದ್ಯಲ್ಲಪ್ಪಾ! ಒಂದು ಕೊಡಂ ತುಂಬೋದ್ರೊಳಗೆ ನನ್ನ ಅಡುಗೆನೇ ಆಗಿಹೋಗತ್ತೆ!"

ನಾನು ಕೊಡ ಹಿಡಿದು ನಿಂತುಬಿಟ್ಟೆ. ಲಾರಿ ಎಂದರೆ ಐದು ಸಾವಿರ. ಪೈಪ್ ಎಂದರೆ ಸಿ. ಇದೇ ಸಾಲಿನಲ್ಲಿ ನನ್ನ ಜೊತೆ ನಿಲ್ಲುತ್ತಿದ್ದ ಮನುಷ್ಯನಿಗೆ ಇದನ್ನು ಹೇಳಲು ಬಾಯಿ ಬರಲಿಲ್ಲವೇ?

"ಅಮ್ಮಾ, ಇವರ ಬ್ಯಾಟರಿನೂ ಹೀಗೇ" ಎಂದೆ.

"ಗೊತ್ತು. ಯಾವತ್ತೋ ಲಾರಿ ತೋರಿಸಿ ಹೇಳಿದ್ದ" ಎಂದರು ಅತ್ತೆ. "ನಿಂಗೆ ಹೇಳಿರ್ಲಿಲ್ವಾ?"

ನನಗೆ ಮೈಯೆಲ್ಲ ಉರಿಯಿತು. ಜಗಳ ಆಡೋಣವೆಂದರೆ ಆ ಮನುಷ್ಯ ಮನೆಯಲ್ಲಿಲ್ಲ.

ಅಂಗಡಿಗೆ ಮತ್ತೆ ಹೋದೆ. ಈ ಸಲ ನಾನೇ ಲೆಕ್ಕ ಹಾಕಿದೆ. ಮೂರು ಸಾವಿರದ ಇನ್ನೂರು, ಇಪ್ಪತ್ತೈದು ಸಿ. ಎಂಬತ್ತು ಆಂಪಿಯರ್ ಕೊಡುತ್ತದೆ. ಮೊದಲಿನದಕ್ಕಿಂತ ಚಿಕ್ಕ ಬ್ಯಾಟರಿ.

ಭಾನುವಾರ ಅತ್ತೆಯೂ ಬಂದರು. ಕಾರು ಎಲ್ಲಿಯೂ ನಿಲ್ಲದೆ, ಮೂಲೆಯಲ್ಲಿ ಹಿಂದಿನ ಚಕ್ರ ಜಾರಿಸಿಕೊಂಡು, ಇವರು ಓಡಿಸುತ್ತಿದ್ದ ಹಾಗೆಯೇ ಸುತ್ತು ಮುಗಿಸಿತು. ನಾನು ಬಗ್ಗಿ ಬ್ಯಾಟರಿ ಮುಟ್ಟಿ ನೋಡಿದೆ. ಬೆಚ್ಚಗಿತ್ತು, ಅಷ್ಟೇ.